ಕಾಲಂ ಹದಿನಾಲ್ಕು

ಹೆಸರು, ತಂದೆಯ ಹೆಸರು, ರಕ್ತದ ಗುಂಪು.
ಹದಿಮೂರರ ತನಕ ಪೆನ್ನು ಎಲ್ಲೂ ನಿಲ್ಲಲಿಲ್ಲ.
ಹದಿನಾಲ್ಕು: ನಿಮ್ಮ ಮೇಲೆ ಎಂದಾದರೂ
ಕ್ರಿಮಿನಲ್ ಮೊಕದ್ದಮೆ? ಇದ್ದಲ್ಲಿ ವಿವರ.

ವಿವರಕ್ಕೆ ಬಿಟ್ಟ ಜಾಗ ಒಂದೂವರೆ ಇಂಚು.
ಅಷ್ಟರಲ್ಲಿ ಆನವಟ್ಟಿ ಕಡೆಯ ಶುಂಠಿ ಗದ್ದೆ ಹಿಡಿಸಬೇಕು,
ನೀರಿನ ಸರದಿ, ಸುಟ್ಟುಹೋದ ಸ್ಟಾರ್ಟರು,
ಅಣ್ಣ ಆಡಿದ ಒಂದು ಮಾತು,
ಹೇಗೋ ನನ್ನ ಕೈಗೆ ಬಂದ ಕತ್ತಿ,
ಅವನ ಎಡಗೈಯ ಎರಡು ಬೆರಳು.

ಹೇಗೋ ಬಂದದ್ದಲ್ಲ.
ಪಂಪ್ ಮನೆಯ ಮಾಡಿನ ಸಂದಿಯಿಂದ
ನಾನೇ ಎಳೆದು ತೆಗೆದದ್ದು.

ಸೋಗಾನೆ ಜೈಲಿನಲ್ಲಿ ಮೂರು ವರ್ಷ ಎರಡು ತಿಂಗಳು.
ಕಂಪೌಂಡರ್ ಪೀರಾನ್ ಸಾಬರಿಗೆ ಒಂದು ಜೊತೆ ಕೈ ಬೇಕಿತ್ತು,
ಯಾರ ಕೈ ಎಂದು ಅವರು ನೋಡಲಿಲ್ಲ.
ಸಕ್ಕರೆ ಕಾಯಿಲೆಯ ಮುದುಕನ ಕಾಲು ಎತ್ತಿ,
“ಹಿಡ್ಕೊ ಇಲ್ಲಿ. ಮೂಗು ಮುಚ್ಚಬೇಡ,
ಅವ್ನಿಗೂ ಮೂಗಿದೆ” ಎಂದರು.
ನಲವತ್ತು ದಿನ ತೊಳೆದೆ, ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ.
ನಲವತ್ತೊಂದಕ್ಕೆ ಹುಣ್ಣಿನ ಅಂಚಿನಲ್ಲಿ ಹೊಸ ಚರ್ಮ,
ಮೊಳಕೆ ಶುಂಠಿಯ ತುದಿಯ ಗುಲಾಬಿ.
ಆ ರಾತ್ರಿ ನಾನು ಊಟ ಮಾಡಲಿಲ್ಲ.
ಯಾಕೆಂದು ಸಾಬರು ಕೇಳಲಿಲ್ಲ, ನೀವೂ ಕೇಳಬೇಡಿ.

ಆಮೇಲೆ ಶಿವಮೊಗ್ಗದ ಒಂದು ನರ್ಸಿಂಗ್ ಕಾಲೇಜು.
ಅವರು ಫೀಸು ಕೇಳಿದರು, ಬೇರೇನೂ ಕೇಳಲಿಲ್ಲ.
ಹದಿನೆಂಟರ ಹುಡುಗಿಯರ ನಡುವೆ ಮೂವತ್ತೊಂದರ ನಾನು;
ಹಾಜರಿಯಲ್ಲಿ ಚೌಡಪ್ಪ, ಬೆಂಚಿನಲ್ಲಿ ಅಂಕಲ್.
ಮೊದಲ ಪಾಠ: ಕೈ ತೊಳೆಯಲು ಆರು ಹಂತ.
ಅಂಗೈ, ಮುಂಗೈ, ಬೆರಳ ಸಂದು.
ಬೆರಳ ಸಂದಿನಲ್ಲೇ ನಾನು ನಿಂತುಬಿಟ್ಟೆ.
“ಚೌಡಪ್ಪ, ಸಾಕು, ನಲ್ಲಿ ನಿಲ್ಲಿಸಿ” ಎಂದರು ಟ್ಯೂಟರ್,
“ತುಂಗೆ ಖಾಲಿಯಾದೀತು.” ಎಲ್ಲರೂ ನಕ್ಕರು, ನಾನೂ.

ಮೆಗ್ಗಾನಿನಲ್ಲಿ ಟ್ರೈನಿಂಗು, ಗಂಡಸರ ವಾರ್ಡು.
ಗಂಡು ನರ್ಸಿಗೆ ಅಲ್ಲಿ ಒಂದೇ ಹೆಸರು:
ಬ್ರದರ್, ನೀರು.
ಬ್ರದರ್, ಡ್ರಿಪ್ಪು ಮುಗೀತು.
ಬ್ರದರ್, ನಮ್ಮಪ್ಪ ಮಾತಾಡ್ತಿಲ್ಲ, ಬೇಗ ಬನ್ನಿ.
ಮೊದಮೊದಲು ಪ್ರತಿ ಸಲ ಬೆಚ್ಚುತ್ತಿದ್ದೆ.
ಇಂಗ್ಲಿಷಿನಲ್ಲಾದ್ದರಿಂದ ಸ್ವಲ್ಪ ಕಡಿಮೆ ಚುಚ್ಚುತ್ತಿತ್ತು, ಅಷ್ಟೆ.

ಕೋಣಂದೂರಿನ ಅಜ್ಜನೊಬ್ಬನಿಗೆ
ನರ ಸಿಗದೆ ಇಬ್ಬರು ಕೈ ಬಿಟ್ಟಿದ್ದರು.
ನನಗೆ ಒಂದೇ ಚುಚ್ಚಿಗೆ ಸಿಕ್ಕಿತು.
“ಕೈಗುಣ ಅಂದ್ರೆ ನಿಂದು ಮಾರಾಯ” ಎಂದ.
ಕಿಡ್ನಿ ಟ್ರೇ ಹಿಡಿದು ಹೊರಗೆ ಬಂದೆ,
ಕಾರಿಡಾರಿನಲ್ಲಿ ಸುಮ್ಮನೆ ನಿಂತೆ.

ಪಾಸಾದ ಮೇಲೆ ಸವಳಂಗ ರಸ್ತೆಯ ಆಸ್ಪತ್ರೆಗೆ
ಮೊದಲ ಅರ್ಜಿ. ರೂಮಿನ ಗೆಳೆಯ ಹೇಳಿದ:
“ಖಾಲಿ ಬಿಡು. ಆನವಟ್ಟಿ ತನಕ ಹೋಗಿ
ಯಾರು ನೋಡ್ತಾರೆ?” ಬಿಟ್ಟೆ.
ಹೋಗಿ ನೋಡಿದರು.

ಅತ್ತಿಗೆ ಫೋನಿನಲ್ಲಿ ಹೇಳಿದ್ದು:
ಪೇದೆ ಅಂಗಳದಲ್ಲಿ ನಿಂತು ಕೇಳಿದನಂತೆ,
“ಹೆಂಗೆ ಮನುಷ್ಯ? ಆಸ್ಪತ್ರೆಗೆ ಆಗ್ತಾನಾ?”
ಕೆರಿಯಣ್ಣ ಪಂಪಿನ ನಟ್ಟು ಬಿಗಿಮಾಡುತ್ತಿದ್ದವನು
ತಲೆ ಎತ್ತಲಿಲ್ಲವಂತೆ.
“ಕಡಿಯೋದು ಮೊದಲೇ ಬರ್ತಿತ್ತು.
ಈಗ ಕಟ್ಟೋದೂ ಕಲ್ತಿದಾನಂತೆ. ಬರ್ಕೊಳ್ಳಿ.”

ಅದು ಶಿಫಾರಸೋ, ದೂರೋ?
ಎರಡು ತಿಂಗಳಿಂದ ಮಗುಚಿ ಮಗುಚಿ ನೋಡುತ್ತಿದ್ದೇನೆ,
ರೋಗಿಯ ಮಗ್ಗುಲು ಬದಲಿಸಿದ ಹಾಗೆ.
ಅತ್ತಿಗೆಗೂ ಗೊತ್ತಿಲ್ಲ. ಬಹುಶಃ ಅವನಿಗೂ.

ಆಸ್ಪತ್ರೆಯ ಪತ್ರ ಚಿಕ್ಕದು: ಮಾಹಿತಿ ಮರೆಮಾಚಿದ ಕಾರಣ.
ಕಡಿದ ಕಾರಣ ಅಲ್ಲ.

ಇದು ಎರಡನೆಯ ಅರ್ಜಿ.
ಕಲಂ ಮುನ್ನೂರ ಇಪ್ಪತ್ತಾರು, ಕಾಲಂ ಹದಿನಾಲ್ಕು,
ನಡುವೆ ಇರುವುದು ಒಂದು ದೀರ್ಘ.
ಹೌದು, ಎಂದು ಬರೆದೆ.
ಕೇಸಿನ ನಂಬರು, ವರ್ಷ, ಶಿಕ್ಷೆ ಮುಗಿದ ತಾರೀಖು.
ಎಷ್ಟು ಬೆರಳು ಎಂದು ಅವರು ಕೇಳಿಲ್ಲ.
ಅಂಚಿನಲ್ಲಿ ಇನ್ನೂ ಸ್ವಲ್ಪ ಜಾಗವಿತ್ತು,
ಅದನ್ನೂ ಬರೆದೆ.